ಕಳ್ಳ ಜೋಡಿಯೂ ಪತ್ತೇದಾರ ದಂಪತಿಯೂ: ಹಾಲಿವುಡ್‌ನ ಒಂದು ಹಾಸ್ಯಪ್ರಕಾರದ ಚರಿತ್ರೆ

ಗಂಡುಹೆಣ್ಣಿನ ಜೋಡಿಯೊಂದು ಕೊಲೆ, ಕಳವು ಅಥವಾ ಬೇಹುಗಾರಿಕೆಯ ಪ್ರಕರಣವೊಂದರಲ್ಲಿ ಸಿಕ್ಕಿಕೊಂಡು, ಅದರಿಂದ ಪಾರಾಗುವ ಪಾಡಿನಲ್ಲಿಯೇ ಪರಸ್ಪರ ಒಲಿಯುವ, ಇಲ್ಲವೇ ಸಪ್ಪೆಯಾಗಿದ್ದ ಒಲವನ್ನು ಮರಳಿ ಪಡೆಯುವ ಕಥೆಯನ್ನು ನಗೆಯ ಧಾಟಿಯಲ್ಲಿ ಹೇಳುವ ಚಲನಚಿತ್ರಗಳಿಗೆ ಅಮೆರಿಕದ ಚಿತ್ರೋದ್ಯಮದಲ್ಲಿ ಸುಮಾರು ತೊಂಬತ್ತು ವರ್ಷಗಳ ಪರಂಪರೆಯಿದೆ. ಇವುಗಳನ್ನು ಪ್ರಣಯಹಾಸ್ಯದ ಒಂದು ಹಗುರ ಕವಲೆಂದು ಬದಿಗಿರಿಸುವ ವಾಡಿಕೆ ವಿಮರ್ಶೆಯಲ್ಲಿದೆ. ಆದರೆ ಈ ಪ್ರಕಾರದ ಹುಟ್ಟನ್ನು ಬಿಡಿಸಿ ನೋಡಿದರೆ, ಮದುವೆ, ಕಾನೂನು ಮತ್ತು ಸೆನ್ಸಾರ್‌ಗಳ ನಡುವಣ ತಿಕ್ಕಾಟದಲ್ಲಿ ಅದು ರೂಪುಗೊಂಡಿತೆಂಬುದೂ, ಜೋಡಿಯು ಅಪರಾಧದ ಯಾವ ಬದಿಯಲ್ಲಿ ನಿಲ್ಲಬೇಕೆಂಬುದನ್ನು ಕಥೆಗಾರರಿಗಿಂತ ಹೆಚ್ಚಾಗಿ ಚಿತ್ರೋದ್ಯಮದ ನಿಯಮಾವಳಿಯೇ ನಿರ್ಧರಿಸಿತೆಂಬುದೂ ಸ್ಪಷ್ಟವಾಗುತ್ತದೆ. ಈ ಚರಿತ್ರೆಯ ನಡುಗಂಬ 1934ರಲ್ಲಿ ತೆರೆಕಂಡ ‘ದಿ ಥಿನ್ ಮ್ಯಾನ್’ ಎಂಬ ಚಿತ್ರ. ಅದಕ್ಕೆ ಮುಂಚಿನ ಎರಡು ವರ್ಷಗಳನ್ನು ತಿಳಿಯದೆ ಆ ಚಿತ್ರದ ಮಹತ್ವ ತಿಳಿಯುವುದಿಲ್ಲ.

ಮೂಕಿ ಚಿತ್ರಗಳ ಕಾಲದಲ್ಲಿ ಇಂಥ ಹಾಸ್ಯಕ್ಕೆ ಎಡೆಯಿರಲಿಲ್ಲ. ಬೆನ್ನಟ್ಟುವಿಕೆ, ಬೀಳುವಿಕೆ, ಏಟು ತಿನ್ನುವಿಕೆಗಳ ಹಾಸ್ಯಕ್ಕೆ ಮಾತು ಬೇಕಿಲ್ಲ. ಆದರೆ ಇಬ್ಬರು ಸಮಾನ ಚತುರರು ಮಾತಿನಲ್ಲಿಯೇ ಒಬ್ಬರನ್ನೊಬ್ಬರು ಕೆಣಕಿ, ಕೆಣಕುತ್ತಲೇ ಒಲಿಯುವ ಹಾಸ್ಯಕ್ಕೆ ಧ್ವನಿ ಬೇಕೇ ಬೇಕು. 1927ರ ‘ದಿ ಜಾಝ್ ಸಿಂಗರ್’ ಚಿತ್ರದ ನಂತರ ಎರಡು ಮೂರು ವರ್ಷಗಳಲ್ಲಿ ಹಾಲಿವುಡ್ ಪೂರ್ಣವಾಗಿ ವಾಕ್ಚಿತ್ರಗಳಿಗೆ ತಿರುಗಿದಾಗ, ಸಂಭಾಷಣೆ ಬರೆಯಬಲ್ಲವರಿಗೆ ಒಮ್ಮೆಲೇ ಬೇಡಿಕೆಯುಂಟಾಗಿ, ನ್ಯೂಯಾರ್ಕಿನ ನಾಟಕಕಾರರೂ ಪತ್ರಿಕಾ ವರದಿಗಾರರೂ ಗುಂಪುಗುಂಪಾಗಿ ಪಶ್ಚಿಮಕ್ಕೆ ಹೊರಟರು. ಪೊಲೀಸ್ ಠಾಣೆ, ನ್ಯಾಯಾಲಯ ಮತ್ತು ಹೆಂಡದಂಗಡಿಗಳ ಭಾಷೆಯನ್ನು ವೃತ್ತಿಯಿಂದಲೇ ಬಲ್ಲವರಾಗಿದ್ದ ಈ ವರದಿಗಾರರು ಪ್ರಣಯದ ದೃಶ್ಯಗಳನ್ನು ಬರೆದಾಗಲೂ ಅಪರಾಧದ ವಾಸನೆ ಅವುಗಳಿಗೆ ಅಂಟಿಕೊಂಡಿತು.

ಆ ಕಾಲದ ಅತ್ಯಂತ ನಯವಾದ ಚಿತ್ರ, ಜರ್ಮನಿಯಿಂದ ಬಂದು ನೆಲೆಸಿದ್ದ ಎರ್ನ್ಸ್ಟ್ ಲುಬಿಚ್ 1932ರಲ್ಲಿ ಪ್ಯಾರಾಮೌಂಟ್ ಸಂಸ್ಥೆಗಾಗಿ ನಿರ್ದೇಶಿಸಿದ ‘ಟ್ರಬಲ್ ಇನ್ ಪ್ಯಾರಡೈಸ್’. ಅದರ ನಾಯಕ ಗಾಸ್ಟನ್ ಮೋನೆಸ್ಕು ಐಷಾರಾಮಿ ಹೋಟೆಲುಗಳಲ್ಲಿ ಶ್ರೀಮಂತನ ಸೋಗು ಹಾಕಿ ದೋಚುವವನು. ಜಾರ್ಜ್ ಮನೋಲೆಸ್ಕು ಎಂಬ ರುಮೇನಿಯದ ನಿಜವಾದ ವಂಚಕನ ಆತ್ಮಕಥೆಯ ನೆರಳು ಆ ಪಾತ್ರದ ಮೇಲಿದೆ. ನಾಯಕಿ ಲಿಲಿ ತನ್ನನ್ನು ಕೌಂಟೆಸ್ ಎಂದು ಹೇಳಿಕೊಳ್ಳುವ ಕಿಸೆಗಳ್ಳಿ. ವೆನಿಸ್ ನಗರದ ಹೋಟೆಲಿನ ಕೋಣೆಯೊಂದರಲ್ಲಿ ಇಬ್ಬರೂ ಊಟಕ್ಕೆ ಕುಳಿತಾಗ, ಒಬ್ಬರು ಇನ್ನೊಬ್ಬರಿಂದ ಕದ್ದ ಹಣದ ಚೀಲ, ಸೂಜಿಪದಕ, ಗಡಿಯಾರಗಳು ಒಂದೊಂದಾಗಿ ಮೇಜಿನ ಮೇಲೆ ಬರುತ್ತವೆ. ಅವಳಿಗೆ ಅರಿವಾಗದಂತೆ ಅವಳ ಕಾಲ್ಚೀಲದ ಪಟ್ಟಿಯನ್ನೇ ಅವನು ಕದ್ದಿದ್ದಾನೆಂದು ತಿಳಿದ ಕ್ಷಣದಲ್ಲಿ ಲಿಲಿ ಅವನ ತೋಳಿಗೆ ಹಾರುತ್ತಾಳೆ. ಕಳ್ಳತನದ ಕೈಚಳಕವೇ ಶೃಂಗಾರದ ಭಾಷೆಯಾಗುವ ಈ ದೃಶ್ಯಕ್ಕೆ ಸಮನಾದುದು ಈ ಪ್ರಕಾರದಲ್ಲಿ ಮತ್ತೆ ಬಂದಿತೆಂದು ಹೇಳುವುದು ಕಷ್ಟ. ಪ್ಯಾರಿಸ್ಸಿನ ಸುಗಂಧದ್ರವ್ಯ ಕಂಪನಿಯ ಒಡತಿಯಾದ ವಿಧವೆಯನ್ನು ದೋಚಲು ಹೊರಟ ಗಾಸ್ಟನ್ ಅವಳಿಗೇ ಮನಸೋಲುತ್ತಾನಾದರೂ, ಕೊನೆಗೆ ಲಿಲಿಯೊಡನೆ ಕಾರಿನಲ್ಲಿ ಪರಾರಿಯಾಗುತ್ತಾನೆ. ಪೊಲೀಸರು ಹಿಡಿಯುವುದಿಲ್ಲ, ಪಶ್ಚಾತ್ತಾಪದ ಮಾತಿಲ್ಲ, ಮದುವೆಯ ಮಾತಂತೂ ಮೊದಲೇ ಇಲ್ಲ.

ಹಾಗೆ ಶಿಕ್ಷೆಯಿಲ್ಲದೆ ಪಾರಾಗುವುದು 1932ರಲ್ಲಿ ಸಾಧ್ಯವಿತ್ತು, 1935ರಲ್ಲಿ ಸಾಧ್ಯವಿರಲಿಲ್ಲ. ಚಲನಚಿತ್ರವು ವಾಕ್‌ಸ್ವಾತಂತ್ರ್ಯದ ರಕ್ಷಣೆಗೆ ಒಳಪಡದ ಬರಿಯ ವ್ಯಾಪಾರವೆಂದು ಅಮೆರಿಕದ ಸುಪ್ರೀಂ ಕೋರ್ಟು 1915ರಲ್ಲಿಯೇ ತೀರ್ಪು ಕೊಟ್ಟಿತ್ತು; ಹೀಗಾಗಿ ರಾಜ್ಯಕ್ಕೊಂದು, ನಗರಕ್ಕೊಂದು ಸೆನ್ಸಾರ್ ಮಂಡಳಿ ಕತ್ತರಿ ಹಿಡಿದು ಕುಳಿತಿತ್ತು. ಹೊರಗಿನ ಕತ್ತರಿಗೆ ಹೆದರಿದ ಚಿತ್ರಸಂಸ್ಥೆಗಳು ತಮ್ಮೊಳಗೇ ಒಂದು ಕತ್ತರಿಯನ್ನಿಟ್ಟುಕೊಳ್ಳಲು ನಿರ್ಧರಿಸಿ, ಕೇಂದ್ರ ಸರ್ಕಾರದಲ್ಲಿ ಅಂಚೆ ಖಾತೆಯ ಮುಖ್ಯಸ್ಥರಾಗಿದ್ದ ವಿಲ್ ಹೇಸ್ ಅವರನ್ನು 1922ರಲ್ಲಿ ತಮ್ಮ ಸಂಘದ ಅಧ್ಯಕ್ಷರನ್ನಾಗಿ ಮಾಡಿಕೊಂಡವು. 1930ರಲ್ಲಿ ಪ್ರೊಡಕ್ಷನ್ ಕೋಡ್ ಎಂಬ ನಿರ್ಮಾಣ ಸಂಹಿತೆಯನ್ನು ಅಂಗೀಕರಿಸಿದವು. ಕ್ಯಾಥಲಿಕ್ ಪ್ರಕಾಶಕ ಮಾರ್ಟಿನ್ ಕ್ವಿಗ್ಲಿ ಮತ್ತು ಜೆಸ್ಯೂಟ್ ಪಾದ್ರಿ ಡೇನಿಯಲ್ ಲಾರ್ಡ್ ರೂಪಿಸಿದ ಈ ಸಂಹಿತೆಯ ಪ್ರಕಾರ ಅಪರಾಧಿಯ ಮೇಲೆ ಪ್ರೇಕ್ಷಕನಿಗೆ ಸಹಾನುಭೂತಿ ಮೂಡಕೂಡದು, ಅಪರಾಧದ ವಿಧಾನವನ್ನು ವಿವರವಾಗಿ ತೋರಿಸಕೂಡದು, ಮದುವೆ ಮತ್ತು ಮನೆತನದ ಪಾವಿತ್ರ್ಯಕ್ಕೆ ಕುಂದು ಬರಕೂಡದು. ಕಥೆಗೆ ಅಥವಾ ಪಾತ್ರಚಿತ್ರಣಕ್ಕೆ ಅಗತ್ಯವಿಲ್ಲದಿದ್ದರೆ ಮದ್ಯಪಾನವನ್ನೂ ತೋರಿಸಕೂಡದು. ಮೊದಲ ನಾಲ್ಕು ವರ್ಷ ಇದನ್ನು ಯಾರೂ ಗಂಭೀರವಾಗಿ ಲೆಕ್ಕಿಸಲಿಲ್ಲ. ‘ಲಿಟ್ಲ್ ಸೀಸರ್’, ‘ದಿ ಪಬ್ಲಿಕ್ ಎನಿಮಿ’, ‘ಸ್ಕಾರ್‌ಫೇಸ್’ ಮೊದಲಾದ ದರೋಡೆಕೋರ ಚಿತ್ರಗಳು 1931 ಮತ್ತು 1932ರಲ್ಲಿ ಭರ್ಜರಿಯಾಗಿ ಓಡಿದವು. ಕ್ಯಾಥಲಿಕ್ ಚರ್ಚಿನ ಬಹಿಷ್ಕಾರದ ಬೆದರಿಕೆ ಬಲವಾದ ಮೇಲೆ, 1934ರ ಜುಲೈನಿಂದ ಜೋಸೆಫ್ ಬ್ರೀನ್ ಎಂಬುವರ ಕಚೇರಿಯ ಪ್ರಮಾಣಪತ್ರವಿಲ್ಲದೆ ದೊಡ್ಡ ಸಂಸ್ಥೆಗಳ ಯಾವ ಚಿತ್ರವೂ ಚಿತ್ರಮಂದಿರ ತಲುಪದಂತಾಯಿತು. ಆ ಕಚೇರಿ ‘ಟ್ರಬಲ್ ಇನ್ ಪ್ಯಾರಡೈಸ್’ ಚಿತ್ರದ ಮರುಬಿಡುಗಡೆಗೆ 1935ರಲ್ಲಿ ಒಪ್ಪಿಗೆ ನಿರಾಕರಿಸಿತು.

ಈ ಬಾಗಿಲು ಮುಚ್ಚುವುದಕ್ಕೆ ಕೆಲವೇ ವಾರ ಮುಂಚೆ ‘ದಿ ಥಿನ್ ಮ್ಯಾನ್’ ಒಳಹೊಕ್ಕಿತು. ಅದರ ಮೂಲ, ಡ್ಯಾಶಿಯಲ್ ಹ್ಯಾಮೆಟ್ 1934ರ ಆರಂಭದಲ್ಲಿ ಪ್ರಕಟಿಸಿದ ಅದೇ ಹೆಸರಿನ ಕಾದಂಬರಿ. 1894ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಹುಟ್ಟಿದ ಹ್ಯಾಮೆಟ್, ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯಲ್ಲಿ ವರ್ಷಗಟ್ಟಲೆ ದುಡಿದು, ಕ್ಷಯರೋಗದಿಂದ ಆ ಕೆಲಸ ಬಿಟ್ಟು ಲೇಖನಿ ಹಿಡಿದವರು. ಜಮೀನ್ದಾರರ ಬಂಗಲೆಗಳಲ್ಲಿ ನಡೆಯುವ ಒಗಟಿನಂಥ ಕೊಲೆಗಳ ಬ್ರಿಟಿಷ್ ಸಂಪ್ರದಾಯವನ್ನು ಬಿಟ್ಟು, ಲಂಚಕೋರ ಪೊಲೀಸರು ಮತ್ತು ಪುಂಡರ ಬೀದಿಗೆ ಪತ್ತೇದಾರಿ ಕಥೆಯನ್ನು ತಂದ ಕೀರ್ತಿ ಅವರ ‘ರೆಡ್ ಹಾರ್ವೆಸ್ಟ್’ ಮತ್ತು ‘ದಿ ಮಾಲ್ಟೀಸ್ ಫಾಲ್ಕನ್’ ಕಾದಂಬರಿಗಳದು. ಅವರ ಹಿಂದಿನ ಪತ್ತೇದಾರರೆಲ್ಲ ಒಂಟಿಗರು, ಹೆಣ್ಣನ್ನು ನಂಬದವರು. ಈ ಕೊನೆಯ ಕಾದಂಬರಿಯಲ್ಲಿ ಮಾತ್ರ ಪತ್ತೇದಾರನಿಗೆ ಮದುವೆಯಾಗಿದೆ. ಗ್ರೀಕ್ ವಲಸೆಗಾರನ ಮಗನಾದ ನಿಕ್ ಚಾರ್ಲ್ಸ್, ತಂದೆಯಿಂದ ದೊಡ್ಡ ಆಸ್ತಿ ಪಡೆದ ನೋರಾಳನ್ನು ವರಿಸಿ, ವೃತ್ತಿಯನ್ನು ತೊರೆದು, ಹೆಂಡತಿಯ ಹಣವನ್ನು ನೋಡಿಕೊಳ್ಳುತ್ತ ಆರಾಮವಾಗಿದ್ದಾನೆ. ಕ್ರಿಸ್‌ಮಸ್ ಕಾಲದಲ್ಲಿ ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕಿಗೆ ಬಂದಿರುವಾಗ, ಹಳೆಯ ಪರಿಚಯದ ವಿಜ್ಞಾನಿಯೊಬ್ಬ ಕಾಣೆಯಾಗಿ, ಅವನ ಕಾರ್ಯದರ್ಶಿನಿಯ ಕೊಲೆಯಾಗುತ್ತದೆ. ನಿಕ್‌ಗೆ ಇದರ ಗೊಡವೆ ಬೇಡ. ನೋರಾಳಿಗೆ ಬೇಕು. ನಾಟಕಕಾರ್ತಿ ಲಿಲಿಯನ್ ಹೆಲ್ಮನ್ ಜೊತೆಗಿನ ತಮ್ಮ ಒಡನಾಟದಿಂದ ಹ್ಯಾಮೆಟ್ ನೋರಾಳನ್ನು ರೂಪಿಸಿದರು. ಪುಸ್ತಕದ ಅರ್ಪಣೆಯೂ ಅವರಿಗೇ. ಶೀರ್ಷಿಕೆಯ ತೆಳ್ಳನೆಯ ಮನುಷ್ಯ ಆ ಕಾಣೆಯಾದ ವಿಜ್ಞಾನಿಯೇ ಹೊರತು ನಿಕ್ ಅಲ್ಲ, ಆದರೆ ಪ್ರೇಕ್ಷಕರು ಅದನ್ನು ನಾಯಕನ ಹೆಸರೆಂದೇ ತಿಳಿದರು, ಚಿತ್ರಸಂಸ್ಥೆಯೂ ಮುಂದೆ ಆ ತಪ್ಪನ್ನೇ ಬಂಡವಾಳ ಮಾಡಿಕೊಂಡಿತು.

ಚಿತ್ರದ ಹಕ್ಕುಗಳನ್ನು ಕೊಂಡ ಎಂಜಿಎಂ ಸಂಸ್ಥೆಗೆ ಇದರ ಬಗ್ಗೆ ಮಹತ್ವಾಕಾಂಕ್ಷೆಯೇನೂ ಇರಲಿಲ್ಲ. ಸುಮಾರು ಎರಡೂಕಾಲು ಲಕ್ಷ ಡಾಲರ್ ವೆಚ್ಚದ ಈ ಚಿತ್ರ ಆ ಸಂಸ್ಥೆಯ ಅಳತೆಯಲ್ಲಿ ಸಣ್ಣದು. ನಿರ್ದೇಶಕ ಡಬ್ಲ್ಯೂ. ಎಸ್. ವ್ಯಾನ್ ಡೈಕ್, ಪ್ರತಿ ದೃಶ್ಯವನ್ನೂ ಒಂದೇ ಸಲಕ್ಕೆ ಚಿತ್ರೀಕರಿಸಿ ಮುಂದೆ ಹೋಗುವವರೆಂದು ಹೆಸರಾದವರು, ಎರಡು ಮೂರು ವಾರಗಳೊಳಗೆ ಇದನ್ನು ಮುಗಿಸಿದರು. ಪತ್ತೇದಾರಿ ಪಾತ್ರಗಳಲ್ಲಿ ಆಗಲೇ ಪಳಗಿದ್ದ ವಿಲಿಯಂ ಪವೆಲ್ ನಿಕ್ ಆದದ್ದು ಸಹಜವಾಗಿತ್ತು. ಮಿರ್ನಾ ಲಾಯ್ ನೋರಾ ಆದದ್ದು ಹಾಗಲ್ಲ. ಮೊಂಟಾನಾ ರಾಜ್ಯದ ಈ ನಟಿಯನ್ನು ಹಾಲಿವುಡ್ ಒಂಬತ್ತು ವರ್ಷಗಳ ಕಾಲ ಪೂರ್ವದೇಶಗಳ ಮಾಯಾವಿನಿಯ ವೇಷಗಳಲ್ಲಿಯೇ ತುರುಕಿತ್ತು. ಭಾರತದ ವಾಯವ್ಯ ಗಡಿಯಲ್ಲಿ ನಡೆಯುವ ಜಾನ್ ಫೋರ್ಡ್ ಅವರ ‘ದಿ ಬ್ಲ್ಯಾಕ್ ವಾಚ್’ ಚಿತ್ರದಲ್ಲಿ ಅವರದು ಯಾಸ್ಮನಿ ಎಂಬ ಪಾತ್ರ. ಸಂಸ್ಥೆಯ ಮುಖ್ಯಸ್ಥ ಲೂಯಿ ಬಿ. ಮೇಯರ್ ಅವರಿಗೆ ಲಾಯ್ ಹಾಸ್ಯಪಾತ್ರ ಮಾಡಬಲ್ಲರೆಂಬ ನಂಬಿಕೆಯಿರಲಿಲ್ಲ. ಮುಂದಿನ ಚಿತ್ರಕ್ಕೆ ಮೂರು ವಾರಗಳಲ್ಲಿ ಬಿಡುವು ಕೊಡಬೇಕೆಂಬ ಕರಾರಿನ ಮೇಲೆ ವ್ಯಾನ್ ಡೈಕ್ ಲಾಯ್ ಅವರನ್ನು ಪಡೆದರು. ಅವಸರದ ಈ ಚಿತ್ರೀಕರಣದಿಂದಲೇ ಪವೆಲ್ ಮತ್ತು ಲಾಯ್ ಅವರ ಮಾತುಗಳಿಗೆ ಕಂಠಪಾಠದ ಬಿಗಿ ಹೋಗಿ, ಆಗತಾನೇ ಹೊಳೆದಂತಹ ಸಡಿಲಿಕೆ ಬಂದಿತೆಂದು ನಂಬಲು ಆಸ್ಪದವಿದೆ.

ಚಿತ್ರಕಥೆಯನ್ನು ಬರೆದವರೂ ದಂಪತಿಗಳೇ. ಫ್ರಾನ್ಸಸ್ ಗುಡ್ರಿಚ್ ಮತ್ತು ಆಲ್ಬರ್ಟ್ ಹ್ಯಾಕೆಟ್ 1931ರಲ್ಲಿ ಮದುವೆಯಾಗಿ, ಬಾಳಿನುದ್ದಕ್ಕೂ ಕೂಡಿಯೇ ಬರೆದವರು. ಮುಂದೆ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರಕ್ಕೂ, ಆನ್ ಫ್ರಾಂಕ್‌ಳ ದಿನಚರಿಯನ್ನಾಧರಿಸಿದ ಪುಲಿಟ್ಜರ್ ಪ್ರಶಸ್ತಿ ವಿಜೇತ ನಾಟಕಕ್ಕೂ ಅವರ ಹೆಸರಿದೆ. ಕೊಲೆಯ ಒಗಟು ಹಿಂದೆ ಸರಿಯಲಿ, ಗಂಡಹೆಂಡಿರ ನಡುವಣ ದೃಶ್ಯಗಳು ಮುಂದೆ ಬರಲಿ ಎಂದು ವ್ಯಾನ್ ಡೈಕ್ ಈ ಬರಹಗಾರರಿಗೆ ಸೂಚಿಸಿದ್ದರು. ಈ ಒಂದು ಸೂಚನೆಯಲ್ಲಿ ಇಡೀ ಪ್ರಕಾರದ ಬೀಜವಿದೆ. ಅಂದಿನವರೆಗೆ ಹಾಸ್ಯಚಿತ್ರದಲ್ಲಿ ಮದುವೆಯೆಂದರೆ ಒಂದೋ ಕಥೆಯ ಮುಕ್ತಾಯ, ಇಲ್ಲವೇ ಜಗಳಗಂಟಿ ಹೆಂಡತಿ ಮತ್ತು ಪುಕ್ಕಲು ಗಂಡನ ಗೋಳು. ಮದುವೆಯಾಗಿ ವರ್ಷಗಳಾದ ಮೇಲೂ ಒಬ್ಬರ ಸಂಗ ಇನ್ನೊಬ್ಬರಿಗೆ ರುಚಿಸುವ ದಂಪತಿಗಳನ್ನು ತೋರಿಸಿದರೆ ಕಥೆಗೆ ಚಲನೆ ಎಲ್ಲಿಂದ ಬರಬೇಕು? ವಿರಸವಿಲ್ಲ, ಪರಸ್ತ್ರೀಯಿಲ್ಲ, ಹಣದ ಚಿಂತೆಯಿಲ್ಲ. ಆ ಚಲನೆಯನ್ನು ಹೊರಗಿನಿಂದ ತಂದುಕೊಟ್ಟದ್ದು ಕೊಲೆ. ಹೆಣ ಬಿದ್ದದ್ದರಿಂದ ನಿಕ್ ಮತ್ತು ನೋರಾ ಮಾತಾಡಲು, ವಾದಿಸಲು, ಒಬ್ಬರಿಗಾಗಿ ಒಬ್ಬರು ಹೆದರಲು ಕಾರಣ ಸಿಕ್ಕಿತು. ಅವರ ಸುಖದಾಂಪತ್ಯವೂ ನೋಡತಕ್ಕ ಸಂಗತಿಯಾಯಿತು.

ಚಿತ್ರದ ದೃಶ್ಯಗಳು ಈ ಮಾತಿಗೆ ಸಾಕ್ಷಿ. ಉಡುಗೊರೆಯ ಪೊಟ್ಟಣಗಳನ್ನು ಹೊತ್ತ ನೋರಾಳನ್ನು ಆಸ್ಟಾ ಎಂಬ ನಾಯಿ ಎಳೆದುಕೊಂಡು ಬಂದು, ಹೋಟೆಲಿನ ನಡುಮನೆಯಲ್ಲಿ ಅವಳನ್ನು ಬೋರಲು ಕೆಡವುತ್ತದೆ. ಗಂಡ ಎಷ್ಟು ಮದ್ಯದ ಲೋಟ ಮುಗಿಸಿದ್ದಾನೆಂದು ವಿಚಾರಿಸಿದ ಅವಳು ಅಷ್ಟನ್ನೇ ತನ್ನ ಮುಂದೆ ಸಾಲಾಗಿ ಇಡಿಸಿಕೊಳ್ಳುತ್ತಾಳೆ. ರಾತ್ರಿ ಮಲಗುವ ಕೋಣೆಗೆ ಪಿಸ್ತೂಲು ಹಿಡಿದು ಬಂದ ಪುಂಡನ ಗುರಿಯಿಂದ ತಪ್ಪಿಸಲು ನಿಕ್ ಹೆಂಡತಿಯನ್ನೇ ಗುದ್ದಿ ಬೀಳಿಸುತ್ತಾನೆ, ಪ್ರಜ್ಞೆ ಬಂದಾಗ ಅವಳ ದೂರು ಏಟಿನದಲ್ಲ, ಹೊಡೆದಾಟ ನೋಡಲು ಸಿಗಲಿಲ್ಲವಲ್ಲ ಎಂಬುದು. ಅಪಾಯದಿಂದ ದೂರವಿಡಲು ಅವಳನ್ನು ಉಪಾಯವಾಗಿ ಬಾಡಿಗೆ ಕಾರಿಗೆ ಹತ್ತಿಸಿ ಜನರಲ್ ಗ್ರಾಂಟ್‌ನ ಸಮಾಧಿಗೆ ಸಾಗಹಾಕುವುದೂ ಇದೆ. ಹೆಂಡತಿಯ ಧೈರ್ಯವನ್ನು ಮೆಚ್ಚುತ್ತಲೇ ಅದಕ್ಕೆ ಕಡಿವಾಣ ಹಾಕುವ ಈ ಧಾಟಿ ಇಂದಿನ ಕಣ್ಣಿಗೆ ಕಸಿವಿಸಿ ತರುವಂಥದ್ದೇ. ಆದರೂ ಪ್ರಕರಣಕ್ಕೆ ನಿಕ್‌ನನ್ನು ಹುರಿದುಂಬಿಸುವವಳು ಅವಳೇ, ಅದಕ್ಕೆ ಹಣ ಒದಗಿಸುವವಳೂ ಅವಳೇ. ಶಂಕಿತರನ್ನೆಲ್ಲ ಒಂದೇ ಊಟದ ಮೇಜಿಗೆ ಕರೆದು ಕೊಲೆಗಾರನನ್ನು ಬಯಲಿಗೆಳೆಯುವ ದೃಶ್ಯವು ಪತ್ತೇದಾರಿ ಕಥೆಗಳ ಹಳೆಯ ತಂತ್ರವಾದರೂ, ಆತಿಥ್ಯದ ಶಿಷ್ಟಾಚಾರಗಳನ್ನೂ ಕೊಲೆಯ ವಿಚಾರಣೆಯನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದ್ದರಿಂದ ಹೊಸದಾಗಿ ಕಂಡಿತು.

ಕಾಲದ ಇನ್ನೊಂದು ಗುರುತನ್ನೂ ಇಲ್ಲಿ ಗಮನಿಸಬೇಕು. ಕಾದಂಬರಿಯ ಕಥೆ ನಡೆಯುವುದು 1932ರ ಡಿಸೆಂಬರಿನಲ್ಲಿ. ಆಗ ದೇಶದಾದ್ಯಂತ ಪಾನನಿಷೇಧ ಜಾರಿಯಲ್ಲಿದ್ದು, ಅದರ ಪಾತ್ರಗಳು ಕುಡಿಯುವುದು ಕಳ್ಳಂಗಡಿಗಳಲ್ಲಿ. 1920ರಲ್ಲಿ ಆರಂಭವಾಗಿದ್ದ ಆ ನಿಷೇಧವು 1933ರ ಡಿಸೆಂಬರ್ 5ರಂದು ರದ್ದಾದ ಕಾರಣ, ಚಿತ್ರದಲ್ಲಿ ನಿಕ್ ಹೋಟೆಲಿನ ಬೆಳಗುವ ಸಭಾಂಗಣದಲ್ಲಿ ನಿಂತು, ನೃತ್ಯದ ತಾಳಕ್ಕೆ ತಕ್ಕಂತೆ ಮದ್ಯ ಬೆರೆಸುವುದನ್ನು ಪರಿಚಾರಕರಿಗೆ ಕಲಿಸುತ್ತಾನೆ. ಹದಿಮೂರು ವರ್ಷ ಕಳ್ಳಂಗಡಿಗಳಲ್ಲಿ ಅಡಗಿದ್ದ ಕುಡಿತ ಈಗ ನಾಗರಿಕರ ವಿನೋದ. ಕಾನೂನಿನ ಗೆರೆ ಎಷ್ಟು ಬೇಗ ಅತ್ತಿತ್ತ ಸರಿಯಬಲ್ಲದೆಂಬುದನ್ನು ಕಣ್ಣಾರೆ ಕಂಡಿದ್ದ ಪ್ರೇಕ್ಷಕವರ್ಗಕ್ಕೆ, ಮಾಜಿ ಕೈದಿಗಳನ್ನೂ ಪೊಲೀಸರನ್ನೂ ಒಂದೇ ಔತಣಕೂಟಕ್ಕೆ ಕರೆಯುವ ನಿಕ್ ವಿಚಿತ್ರ ವ್ಯಕ್ತಿಯಾಗಿ ಕಾಣಲಿಲ್ಲ. ಇಷ್ಟೆಲ್ಲ ಸ್ವಚ್ಛಂದದ ನಡುವೆಯೂ ಗಂಡಹೆಂಡಿರಿಗೆ ಪ್ರತ್ಯೇಕ ಮಂಚಗಳು. ಕೊನೆಗೆ ರೈಲಿನ ಮಲಗುಗೂಡಿನಲ್ಲಿ ನಿಕ್ ನಾಯಿಯನ್ನು ಮೇಲಿನ ಹಾಸಿಗೆಗೆ ಎಸೆದು, ಅದು ಪಂಜದಿಂದ ಕಣ್ಣು ಮುಚ್ಚಿಕೊಳ್ಳುವಾಗ ಮಾತ್ರ ಚಿತ್ರವು ತಾನು ಹೇಳಬಾರದ್ದನ್ನು ಹೇಳಿಬಿಡುತ್ತದೆ.

ಚಿತ್ರವು 1934ರ ಮೇ 25ರಂದು ತೆರೆಕಂಡಿತು. ಅದಕ್ಕೆ ಎರಡು ದಿನ ಮುಂಚೆ, ಮೇ 23ರಂದು, ಬಾನಿ ಪಾರ್ಕರ್ ಮತ್ತು ಕ್ಲೈಡ್ ಬ್ಯಾರೊ ಎಂಬ ದರೋಡೆಕೋರ ಜೋಡಿಯನ್ನು ಲೂಸಿಯಾನಾದ ಹಳ್ಳಿಗಾಡಿನ ರಸ್ತೆಯೊಂದರಲ್ಲಿ ಪೊಲೀಸರು ಹೊಂಚುಹಾಕಿ ಕೊಂದರು. ಎರಡು ತಿಂಗಳ ನಂತರ, ಜುಲೈ 22ರಂದು, ಬ್ಯಾಂಕು ದರೋಡೆಕೋರ ಜಾನ್ ಡಿಲಿಂಜರ್ ಶಿಕಾಗೋದ ಬಯೋಗ್ರಾಫ್ ಚಿತ್ರಮಂದಿರದಿಂದ ಹೊರಬರುತ್ತಿದ್ದಂತೆ ಗುಂಡಿಗೆ ಬಲಿಯಾದ. ಅವನು ನೋಡಿ ಬಂದದ್ದು ‘ಮ್ಯಾನ್‌ಹ್ಯಾಟನ್ ಮೆಲೋಡ್ರಾಮಾ’, ಅದೇ ವ್ಯಾನ್ ಡೈಕ್ ನಿರ್ದೇಶಿಸಿ, ಅದೇ ಪವೆಲ್ ಮತ್ತು ಲಾಯ್ ಮೊದಲ ಸಲ ಜೊತೆಯಾಗಿ ನಟಿಸಿದ್ದ ಚಿತ್ರ. ಈ ದಿನಾಂಕಗಳ ಸಾಮೀಪ್ಯ ಕಾಕತಾಳೀಯವೇ. ಆದರೂ ಒಂದು ಸಂಗತಿಯನ್ನು ಅವು ಎತ್ತಿ ತೋರಿಸುತ್ತವೆ: ಬೀದಿಯಲ್ಲಿ ಅಪರಾಧಿ ಜೋಡಿಯು ಪತ್ರಿಕೆಗಳ ಮುಖಪುಟವನ್ನು ಆಳುತ್ತಿದ್ದ ಬೇಸಿಗೆಯಲ್ಲಿಯೇ ತೆರೆಯ ಮೇಲಿನ ಜೋಡಿ ಅಪರಾಧವನ್ನು ಮಾಡುವ ಬದಿಯಿಂದ ಅದನ್ನು ಬಿಡಿಸುವ ಬದಿಗೆ ದಾಟಿತು.

ಆ ವರ್ಷದ ಆಸ್ಕರ್ ಸ್ಪರ್ಧೆಯಲ್ಲಿ ನಾಲ್ಕು ನಾಮನಿರ್ದೇಶನ ಪಡೆದ ‘ದಿ ಥಿನ್ ಮ್ಯಾನ್’ ಒಂದನ್ನೂ ಗೆಲ್ಲಲಿಲ್ಲ. ಎಲ್ಲವನ್ನೂ ಫ್ರ್ಯಾಂಕ್ ಕಾಪ್ರಾ ಅವರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ದೋಚಿತು. ಈ ಎರಡನೆಯ ಚಿತ್ರದ ಕಥೆಯನ್ನು ಭಾರತೀಯ ಪ್ರೇಕ್ಷಕರು 1956ರ ಹಿಂದಿ ‘ಚೋರಿ ಚೋರಿ’ಯ ಮೂಲಕ ಚೆನ್ನಾಗಿ ಬಲ್ಲರು. ಗಂಡುಹೆಣ್ಣುಗಳ ವಾಗ್ಯುದ್ಧವನ್ನೇ ಪ್ರಣಯವಾಗಿ ನಡೆಸುವ ಸ್ಕ್ರೂಬಾಲ್ ಎಂಬ ಹಾಸ್ಯಮಾರ್ಗ ಈ ಎರಡು ಚಿತ್ರಗಳಿಂದ ಬಲಪಡೆಯಿತು. ಮುರಿದ ಮದುವೆ ಮರಳಿ ಕೂಡುವ ಕಥೆಗಳನ್ನು ಕುರಿತು ತತ್ವಶಾಸ್ತ್ರಜ್ಞ ಸ್ಟ್ಯಾನ್ಲಿ ಕವೆಲ್ 1981ರಲ್ಲಿ ಬರೆದ ಪ್ರಸಿದ್ಧ ಗ್ರಂಥವು ಕಾಪ್ರಾ ಚಿತ್ರಕ್ಕೆ ಅಧ್ಯಾಯವನ್ನೇ ಮೀಸಲಿಟ್ಟರೂ ‘ದಿ ಥಿನ್ ಮ್ಯಾನ್’ ಅನ್ನು ತನ್ನ ಏಳು ಚಿತ್ರಗಳಲ್ಲಿ ಸೇರಿಸಿಕೊಳ್ಳಲಿಲ್ಲ. ಮುರಿಯದ ಮದುವೆಗೆ ಆ ಸಿದ್ಧಾಂತದಲ್ಲಿ ಜಾಗವಿರಲಿಲ್ಲವೆಂದು ತೋರುತ್ತದೆ.

ಪ್ರಣಯವನ್ನೂ ಅಪರಾಧವನ್ನೂ ಹೇಗೆ ಹೆಣೆಯಬೇಕೆಂಬ ಪ್ರಶ್ನೆಗೆ ಅಟ್ಲಾಂಟಿಕ್‌ನ ಆಚೆ ಬದಿಯಲ್ಲಿ ಬೇರೊಂದು ಉತ್ತರ ಸಿಕ್ಕಿತು. ಆಲ್ಫ್ರೆಡ್ ಹಿಚ್‌ಕಾಕ್ 1935ರಲ್ಲಿ ಬ್ರಿಟನ್ನಿನಲ್ಲಿ ತೆಗೆದ ‘ದಿ 39 ಸ್ಟೆಪ್ಸ್’ ಚಿತ್ರದ ಮೂಲವಾದ ಜಾನ್ ಬಕನ್ ಅವರ 1915ರ ಕಾದಂಬರಿಯಲ್ಲಿ ಪ್ರಣಯವೆಂಬುದೇ ಇಲ್ಲ. ಕೊಲೆಯ ಸುಳ್ಳು ಆರೋಪ ಹೊತ್ತು ಸ್ಕಾಟ್ಲೆಂಡಿನ ಬಯಲುಗಳಲ್ಲಿ ಓಡುವ ಹ್ಯಾನೆ ಅಲ್ಲಿ ಒಂಟಿ. ಹಿಚ್‌ಕಾಕ್ ಅವನಿಗೆ ಪಮೇಲಾ ಎಂಬ ತರುಣಿಯನ್ನು ಜೊತೆಮಾಡಿ, ಅದೂ ಸಾಲದೆಂಬಂತೆ ಇಬ್ಬರ ಕೈಗಳಿಗೂ ಒಂದೇ ಕೋಳ ತೊಡಿಸಿದರು. ಅವನನ್ನು ಎರಡು ಸಲ ಹಿಡಿದುಕೊಟ್ಟವಳು ಅವಳೇ. ಈಗ ಅವನು ಬೇಲಿ ದಾಟಿದರೆ ಅವಳೂ ದಾಟಬೇಕು. ರಾತ್ರಿ ಅವರು ತಂಗುವ ವಸತಿಗೃಹದ ಒಡತಿ ಇವರನ್ನು ಮನೆಯವರ ಕಣ್ಣು ತಪ್ಪಿಸಿ ಓಡಿಬಂದ ಪ್ರೇಮಿಗಳೆಂದು ಭಾವಿಸಿ ಕರಗಿಹೋಗುತ್ತಾಳೆ. ನೆನೆದ ಕಾಲ್ಚೀಲಗಳನ್ನು ಪಮೇಲಾ ಕಳಚುವಾಗ ಕೋಳದಲ್ಲಿ ಸಿಕ್ಕಿದ ಅವನ ಕೈ ಅನಿವಾರ್ಯವಾಗಿ ಅವಳ ಕಾಲಗುಂಟ ತೇಲುತ್ತದೆ. ತುಂಟತನದ ಈ ದೃಶ್ಯವನ್ನು ಸೆನ್ಸಾರ್ ತಡೆಯಲಾರದು, ಏಕೆಂದರೆ ಇಲ್ಲಿ ತಪ್ಪು ಕೋಳದ್ದು. ಮದುವೆಯಾಗದವರನ್ನು ಒಂದೇ ಕೋಣೆಯಲ್ಲಿ ಮಲಗಿಸಲು ಅಪರಾಧವನ್ನು ನೆಪ ಮಾಡಿಕೊಳ್ಳುವ ಈ ಯುಕ್ತಿಯೂ, ಮದುವೆಯಾದವರಿಗೆ ಸಾಹಸ ಒದಗಿಸಲು ಅದನ್ನೇ ನೆಪ ಮಾಡಿಕೊಂಡ ವ್ಯಾನ್ ಡೈಕ್ ಯುಕ್ತಿಯೂ ಸೇರಿ ಮುಂದಿನ ಬಹುಪಾಲು ಚಿತ್ರಗಳಿಗೆ ಎರಡು ಅಚ್ಚುಗಳಾದವು.

ಅಚ್ಚುಗಳು ಸಿಕ್ಕಮೇಲೆ ಎರಕ ಹೊಯ್ಯುವುದು ಸುಲಭ. ನಿಕ್ ಮತ್ತು ನೋರಾ 1936, 1939, 1941, 1945 ಮತ್ತು 1947ರಲ್ಲಿ ಮತ್ತೆ ಐದು ಚಿತ್ರಗಳಲ್ಲಿ ಬಂದರು. ಬೇರೆ ಸಂಸ್ಥೆಗಳು ಪವೆಲ್ ಅವರನ್ನೇ ಎರವಲು ಪಡೆದು ನಕಲುಗಳನ್ನು ತೆಗೆದವು. ರೇಡಿಯೋ ಸರಣಿಯೂ, 1957ರಿಂದ ಟೆಲಿವಿಷನ್ ಸರಣಿಯೂ ನಡೆದವು. ಹ್ಯಾಮೆಟ್ ಎರಡು ಮತ್ತು ಮೂರನೆಯ ಚಿತ್ರಗಳಿಗೆ ಕಥೆ ಬರೆದರೇ ಹೊರತು ಮತ್ತೊಂದು ಕಾದಂಬರಿಯನ್ನು ಮುಗಿಸಲಿಲ್ಲ. ನೋರಾ ತಾಯಿಯಾದಳು, ಮಗು ಬಂದಿತು, ಮಾತಿನ ಮೊನೆ ಮೊಂಡಾಗುತ್ತ ಹೋಯಿತು. ಐದನೆಯ ಚಿತ್ರದಲ್ಲಿ ನಿಕ್ ತಂದೆಯ ಊರಿಗೆ ಹೋಗಿ ಸೇಬಿನ ರಸ ಕುಡಿಯುವುದನ್ನು ನೋಡಿದರೆ, ಸಂಹಿತೆ ಮತ್ತು ಯುದ್ಧಕಾಲದ ಮದ್ಯದ ಅಭಾವ ಎರಡೂ ಸೇರಿ ಆ ಪಾತ್ರವನ್ನು ಎಲ್ಲಿಗೆ ತಂದಿದ್ದವೆಂಬುದು ಗೊತ್ತಾಗುತ್ತದೆ. ಪಾತ್ರಗಳ ಸೃಷ್ಟಿಕರ್ತನೇ ಕಾನೂನಿನ ಬಲೆಗೆ ಸಿಕ್ಕಿದ್ದು 1951ರಲ್ಲಿ: ಎಡಪಂಥೀಯರ ಜಾಮೀನು ನಿಧಿಯೊಂದಕ್ಕೆ ಹಣ ಕೊಟ್ಟವರ ಹೆಸರು ಹೇಳಲು ಒಪ್ಪದ ಹ್ಯಾಮೆಟ್, ನ್ಯಾಯಾಲಯ ನಿಂದನೆಗಾಗಿ ಸುಮಾರು ಐದು ತಿಂಗಳು ಸೆರೆಮನೆಯಲ್ಲಿದ್ದರು.

ಸಂಹಿತೆಯ ಕಾಲದ ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಕಟ್ಟುನಿಟ್ಟಾದ ಹಂಚಿಕೆ ಕಾಣುತ್ತದೆ. ಜೋಡಿ ನಿರ್ದೋಷಿಯಾದರೆ ಹಾಸ್ಯ, ದೋಷಿಯಾದರೆ ದುರಂತ. ಫ್ರಿಟ್ಜ್ ಲಾಂಗ್ ಅವರ 1937ರ ‘ಯು ಓನ್ಲಿ ಲಿವ್ ಒನ್ಸ್’ ಚಿತ್ರದ ಪರಾರಿ ದಂಪತಿಗಳೂ, 1944ರ ‘ಡಬಲ್ ಇಂಡೆಮ್ನಿಟಿ’ಯಲ್ಲಿ ವಿಮೆಯ ಹಣಕ್ಕಾಗಿ ಗಂಡನನ್ನು ಕೊಲ್ಲುವ ಜೋಡಿಯೂ, 1950ರ ‘ಗನ್ ಕ್ರೇಜಿ’ಯ ಬಂದೂಕುಪ್ರಿಯರೂ ಸಾಯಲೇಬೇಕಾಯಿತು. ಹಾಸ್ಯದ ಅಂಗಳದಲ್ಲಿ ಕಳ್ಳರಿಗೆ ಸ್ಥಳ ಬೇಕಾದಾಗ ಸಂಭಾಷಣೆಕಾರರು ಸಂದುಗಳನ್ನು ಹುಡುಕಿದರು. ಪ್ರೆಸ್ಟನ್ ಸ್ಟರ್ಜೆಸ್ ಅವರ 1941ರ ‘ದಿ ಲೇಡಿ ಈವ್’ ಚಿತ್ರದಲ್ಲಿ ಹಡಗಿನ ಮೇಲೆ ಇಸ್ಪೀಟಿನಲ್ಲಿ ಮೋಸಮಾಡುವ ತರುಣಿ, ಬಲೆಗೆ ಬಿದ್ದ ಹಾವುಗಳ ಸಂಶೋಧಕನನ್ನು ಪ್ರೀತಿಸಿದೊಡನೆ ತಂದೆಯ ಕೈಚಳಕದಿಂದ ಅವನನ್ನು ತಾನೇ ಕಾಯುತ್ತಾಳೆ. ಹಿಚ್‌ಕಾಕ್ ಅವರ 1955ರ ‘ಟು ಕ್ಯಾಚ್ ಎ ಥೀಫ್’ನಲ್ಲಿ ಕ್ಯಾರಿ ಗ್ರ್ಯಾಂಟ್ ಕಳ್ಳನಲ್ಲ, ನಿವೃತ್ತ ಕಳ್ಳ. ಹೋವರ್ಡ್ ಹಾಕ್ಸ್ ಅವರ 1940ರ ‘ಹಿಸ್ ಗರ್ಲ್ ಫ್ರೈಡೇ’ ಇವೆಲ್ಲಕ್ಕಿಂತ ದಿಟ್ಟ. ಇಬ್ಬರು ಗಂಡಸರ ಪತ್ರಿಕಾ ನಾಟಕವಾಗಿದ್ದುದನ್ನು ವಿಚ್ಛೇದಿತ ಸಂಪಾದಕ ಮತ್ತು ವರದಿಗಾರ್ತಿಯ ಕಥೆಯಾಗಿ ಮಾರ್ಪಡಿಸಿದ ಹಾಕ್ಸ್, ಗಲ್ಲಿಗೇರಬೇಕಾದ ಕೈದಿಯನ್ನು ಪತ್ರಕರ್ತರ ಕೋಣೆಯ ಮೇಜಿನ ಗೂಡಿನಲ್ಲಿ ಅಡಗಿಸಿ, ಅವನ ಪ್ರಾಣದ ಮೇಲೆ ನಿಂತು ಗಂಡಹೆಂಡಿರು ಪುನಃ ಒಂದಾಗುವಂತೆ ಮಾಡಿದರು. ಆ ಕೈದಿ ಬಡವ, ದಿಗ್ಭ್ರಾಂತ. ನಗುತ್ತ ನಗುತ್ತ ಪ್ರೇಕ್ಷಕ ಅವನನ್ನು ಮರೆತೇಬಿಡುತ್ತಾನೆ. ಈ ಮರೆವಿನ ಕ್ರೌರ್ಯ ಹಾಕ್ಸ್ ಅವರಿಗೆ ತಿಳಿಯದ್ದೇನಲ್ಲ.

ಸಂಹಿತೆಯ ಹಿಡಿತ ಸಡಿಲವಾದದ್ದು ಎರಡು ತೀರ್ಪುಗಳಿಂದ. ಚಿತ್ರಸಂಸ್ಥೆಗಳು ತಮ್ಮ ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕೆಂದು ಸುಪ್ರೀಂ ಕೋರ್ಟು 1948ರಲ್ಲಿ ವಿಧಿಸಿದ್ದರಿಂದ ಪ್ರಮಾಣಪತ್ರವಿಲ್ಲದ ಚಿತ್ರಕ್ಕೂ ತೆರೆ ಸಿಗುವಂತಾಯಿತು. 1952ರಲ್ಲಿ ಅದೇ ನ್ಯಾಯಾಲಯ ಚಲನಚಿತ್ರವನ್ನು ವಾಕ್‌ಸ್ವಾತಂತ್ರ್ಯದ ರಕ್ಷಣೆಯೊಳಗೆ ತಂದಿತು. ಕೊಲೆ ಕಂಡ ಇಬ್ಬರು ಸಂಗೀತಗಾರರು ಹೆಣ್ಣುವೇಷ ಹಾಕಿ ಓಡುವ ‘ಸಮ್ ಲೈಕ್ ಇಟ್ ಹಾಟ್’ 1959ರಲ್ಲಿ ಪ್ರಮಾಣಪತ್ರವಿಲ್ಲದೆಯೇ ಬಿಡುಗಡೆಯಾಗಿ ಗೆದ್ದಿತು. ಸ್ಟ್ಯಾನ್ಲಿ ಡೋನನ್ ಅವರ 1963ರ ‘ಶರೇಡ್’ನಲ್ಲಿ ಆಡ್ರಿ ಹೆಪ್‌ಬರ್ನ್ ನಂಬಿದ ಗಂಡಸು ಕಳ್ಳನೋ ಕೊಲೆಗಾರನೋ ಅಧಿಕಾರಿಯೋ ಎಂಬುದು ಕೊನೆಯವರೆಗೂ ಬಗೆಹರಿಯುವುದಿಲ್ಲ, ಅನುಮಾನವೇ ಅಲ್ಲಿ ಪ್ರಣಯದ ಉದ್ದೀಪನ. ಮೂರು ವರ್ಷದ ನಂತರ ‘ಹೌ ಟು ಸ್ಟೀಲ್ ಎ ಮಿಲಿಯನ್’ನಲ್ಲಿ ಅದೇ ನಟಿ, ಪೀಟರ್ ಒ’ಟೂಲ್ ಜೊತೆಗೂಡಿ, ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದ ಕಸಬರಿಕೆ ಕೋಣೆಯಲ್ಲಿ ಅವಿತು ಶಿಲ್ಪವೊಂದನ್ನು ಕದಿಯುತ್ತಾರೆ, ಆದರೆ ಆ ಶಿಲ್ಪ ಅವಳದೇ ಮನೆತನದ್ದು, ಅದೂ ನಕಲಿ, ಒ’ಟೂಲ್ ಪಾತ್ರವೂ ನಿಜದಲ್ಲಿ ಪತ್ತೇದಾರ. ಮೂವತ್ತು ವರ್ಷದ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವಂಥದಲ್ಲ.

1967ರಲ್ಲಿ ಆರ್ಥರ್ ಪೆನ್ ಅವರ ‘ಬಾನಿ ಆಂಡ್ ಕ್ಲೈಡ್’ ಆ ಅಭ್ಯಾಸವನ್ನು ಮುರಿಯಿತು. ಜೋಡಿ ಕೊನೆಗೆ ಸಾಯುತ್ತದೆ ನಿಜ, ಆದರೆ ಬ್ಯಾಂಜೋ ವಾದ್ಯದ ಕುಣಿತದ ನಡುವೆ ನಡೆಯುವ ದರೋಡೆಗಳಿಗೆ ಪ್ರೇಕ್ಷಕರು ನಕ್ಕರು, ಕಳ್ಳರ ಪಕ್ಷ ವಹಿಸಿದರು. ಮರುವರ್ಷದ ನವೆಂಬರಿನಲ್ಲಿ ಸಂಹಿತೆ ರದ್ದಾಗಿ ವಯೋಮಾನದ ವರ್ಗೀಕರಣ ಬಂದಿತು. ದಶಕಗಳ ಕಾಲ ಮರೆಯಲ್ಲಿದ್ದ ‘ಟ್ರಬಲ್ ಇನ್ ಪ್ಯಾರಡೈಸ್’ ಪುನಃ ಪ್ರದರ್ಶನಕ್ಕೆ ದೊರೆತದ್ದೂ ಆ 1968ರಲ್ಲಿಯೇ.

ಅನಂತರದ ಚಿತ್ರಗಳ ಪೈಕಿ ಹೆಚ್ಚಿನವು ನಿಕ್ ಮತ್ತು ನೋರಾರ ಅಚ್ಚನ್ನೇ ಹೆಚ್ಚುಕಡಿಮೆ ಹಾಗೆಯೇ ಬಳಸುತ್ತವೆ. 2010ರ ‘ಡೇಟ್ ನೈಟ್’ನಲ್ಲಿ ನ್ಯೂಜರ್ಸಿಯ ಬೇಸತ್ತ ದಂಪತಿಗಳು ಬೇರೆಯವರ ಹೆಸರಿನಲ್ಲಿ ಕಾದಿರಿಸಿದ್ದ ಊಟದ ಮೇಜನ್ನು ಆಕ್ರಮಿಸಿ, ಆ ಹೆಸರಿನ ಅಪರಾಧಿಗಳಿಗಾಗಿ ಹೊಂಚುತ್ತಿದ್ದವರ ಕೈಗೆ ಸಿಗುತ್ತಾರೆ. ಅಚ್ಚಿನ ಒಂದು ಅಂಶವನ್ನು ಮಾತ್ರ ತಿರುಗಿಸಿದ ಚಿತ್ರ, ಮೈಕಲ್ ಶೋವಾಲ್ಟರ್ ಅವರ ‘ದಿ ಲವ್‌ಬರ್ಡ್ಸ್’. ಬೇರೆಯಾಗಲು ಆಗಲೇ ನಿಶ್ಚಯಿಸಿದ ಜೋಡಿಯೊಂದು ನ್ಯೂ ಆರ್ಲಿಯನ್ಸ್‌ನಲ್ಲಿ ಕೊಲೆಗೆ ಸಾಕ್ಷಿಯಾಗುತ್ತದೆ. ಹೆಣ್ಣು ಕಪ್ಪು ಜನಾಂಗದವಳು. ಗಂಡಿನ ಪಾತ್ರ ವಹಿಸಿದ ಕುಮೇಲ್ ನಂಜಿಯಾನಿ ಕರಾಚಿಯಲ್ಲಿ ಹುಟ್ಟಿದವರು. ನಿಕ್ ಚಾರ್ಲ್ಸ್‌ಗೆ ಪೊಲೀಸ್ ಅಧಿಕಾರಿ ಮನೆಗೆ ಬಂದುಹೋಗುವ ಪರಿಚಿತ. ಈ ಇಬ್ಬರಾದರೋ, ಪೊಲೀಸರು ತಮ್ಮ ಮಾತನ್ನು ನಂಬಲಾರರೆಂದು ಮೊದಲ ಕ್ಷಣದಲ್ಲಿಯೇ ತೀರ್ಮಾನಿಸಿ ಓಡುತ್ತಾರೆ, ಹಾಸ್ಯವೆಲ್ಲ ಆ ಓಟದಿಂದ ಹುಟ್ಟುತ್ತದೆ. ಕೋವಿಡ್ ಕಾರಣದಿಂದ ಚಿತ್ರಮಂದಿರಗಳನ್ನು ತಪ್ಪಿಸಿ ನೆಟ್‌ಫ್ಲಿಕ್ಸ್‌ನಲ್ಲಿ ಅದು ಬಿಡುಗಡೆಯಾದದ್ದು 2020ರ ಮೇ 22ರಂದು. ಮಿನಿಯಾಪೊಲಿಸ್ ನಗರದ ರಸ್ತೆಯಲ್ಲಿ ಪೊಲೀಸನ ಮೊಣಕಾಲಿನಡಿ ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಸತ್ತದ್ದು ಅದೇ ತಿಂಗಳ 25ರಂದು.